ಏಕಾದಶಿಯ ಕೆಂಪು

"ಒಂದೆರಡು ತಿಂಗಳಾಗಿರಬಹುದು" ಎಂದು ಸುಳ್ಯದ ದಂತವೈದ್ಯೆಗೆ ಉತ್ತರ ಕೊಟ್ಟವನು ನಾನು. ವಸಡಿನಲ್ಲಿ ರಕ್ತ ಕಾಣಿಸಿಕೊಂಡು ಎಷ್ಟು ಸಮಯವಾಯಿತೆಂದು ಅವರು ಕೇಳಿದ್ದು ನನ್ನನ್ನಲ್ಲ, ಕುರ್ಚಿಯಲ್ಲಿ ಒರಗಿದ್ದ ನನ್ನ ಹೆಂಡತಿಯನ್ನು. ಬಾಯಿಯೊಳಗೆ ಪುಟ್ಟ ಕನ್ನಡಿ ಇದ್ದುದರಿಂದ ಅವಳು ಮಾತನಾಡುವಂತಿರಲಿಲ್ಲ. ಕಣ್ಣು ಮಾತ್ರ ಒಮ್ಮೆ ನನ್ನತ್ತ ಹೊರಳಿತು.

ವೈದ್ಯೆ ಅಳತೆಯ ಗೆರೆಗಳಿದ್ದ ಸಪೂರ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸುತ್ತ, ಪ್ರತಿ ಹಲ್ಲಿಗೂ ಒಂದೊಂದು ಸಂಖ್ಯೆ ಹೇಳುತ್ತ ಹೋದರು. ಮುಂದಿನ ಹಲ್ಲುಗಳ ವಸಡು ಕೆಂಪಾಗಿ ಊದಿದೆ, ಅದು ಆರಂಭದ ಹಂತ, ಶುಚಿ ಮಾಡಿದರೆ ಮೊದಲಿನಂತಾಗುತ್ತದೆ ಎಂದರು. ಕೆಳಗಿನ ಎಡದ ದವಡೆಹಲ್ಲಿನಲ್ಲಿ ಕಡ್ಡಿ ಆಳಕ್ಕಿಳಿಯಿತು. ಅವರು ಎಕ್ಸ್‌ರೇ ತೆಗೆಸಿ ನೋಡಿದರು.

"ಇದರ ಬುಡದ ಎಲುಬು ಸ್ವಲ್ಪ ಕರಗಿದೆ ಅಮ್ಮ. ಹೋದದ್ದು ಮತ್ತೆ ಬರುದಿಲ್ಲ. ಇನ್ನು ಹೋಗದ ಹಾಗೆ ನೋಡ್ಬೇಕು. ಹಲ್ಲು ಉಳೀತದಾ ಅಂತ ಈಗಲೇ ಹೇಳ್ಲಿಕ್ಕಾಗುದಿಲ್ಲ. ಈ ಕಡೆ ಬ್ರಷ್ ಹಾಕುದಿಲ್ವಾ?"

"ರಕ್ತ ಬರ್ತದೆ ಅಂತ ಮುಟ್ಲಿಲ್ಲ" ಎಂದಳು ಅವಳು.

"ರಕ್ತ ಬರುವಲ್ಲಿಯೇ ಮುಟ್ಬೇಕಾದ್ದು."

ಮುಟ್ಟಬೇಡವೆಂದು ಸಲಹೆ ಕೊಟ್ಟವರು ಯಾರೆಂಬುದನ್ನು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಪುತ್ತೂರಿಗೆ ಮರಳುವ ಬಸ್ಸು ಜಾಲ್ಸೂರು ದಾಟುವವರೆಗೆ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಬಳಿಕ ತಗ್ಗಿದ ದನಿಯಲ್ಲಿ, "ಎರಡು ತಿಂಗಳು ಎಲ್ಲಿಂದ ಬಂತು ಮಾರಾಯ್ರೆ? ಕಲ್ಲಿನ ಮೇಲೆ ಬರೆದದ್ದಾದ್ರೆ ಮಾತ್ರ ನಿಮಗೆ ನೆನಪಿರುದಾ?" ಎಂದಳು.

ನನ್ನ ಉದ್ಯೋಗವೇ ಶಾಸನಗಳ ಕಾಲನಿರ್ಣಯವಾಗಿತ್ತು. ಮಾಸ, ತಿಥಿ, ವಾರಗಳು ಪರಸ್ಪರ ಹೊಂದದಿದ್ದರೆ ಹಿರಿಯ ವಿದ್ವಾಂಸರ ಓದನ್ನೂ ಒಪ್ಪಿದವನಲ್ಲ. ನಿವೃತ್ತನಾದ ಮೇಲೂ ಮದುವೆಯ ಕರೆಯೋಲೆಯಲ್ಲಿ ತಿಥಿ ತಪ್ಪಿದ್ದರೆ ಗುರುತು ಹಾಕುವ ಚಟ ಬಿಟ್ಟಿಲ್ಲ.

ಮಧ್ಯಾಹ್ನದ ಊಟವಾದ ಬಳಿಕ ತಬಕು ಎಳೆದುಕೊಂಡು, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ಮೊದಲನೆಯದನ್ನು ಅವಳ ಕೈಗೆ ಕೊಡುವುದು ಮದುವೆಯಾದಂದಿನಿಂದ ನಾನು ನಡೆಸಿಕೊಂಡು ಬಂದ ಕ್ರಮ. ಕಡಬದ ತನ್ನ ತವರಿನಲ್ಲಿ ಯಾವ ಗಂಡಸೂ ಹೀಗೆ ಮಾಡಿದ್ದಿಲ್ಲವೆಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ಎಲೆಯಡಿಕೆ ತಿನ್ನುವ ಮನೆಯಲ್ಲಿ ಬಾಯಿಯ ಕೆಂಪನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಅದರಿಂದಲೇ, ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆ ಕೆಂಪಾಗಿತ್ತೆಂದು ಅವಳು ಹೇಳಿದ ದಿನ, "ಅದು ನಿನ್ನೆಯ ಅಡಿಕೆಯ ಬಣ್ಣ" ಎಂದುಬಿಟ್ಟೆ. ಎದ್ದು ಹೋಗಿ ನೋಡಲಿಲ್ಲ.

ಅವಳಿಗೆ ಆ ಉತ್ತರ ಸಾಲಲಿಲ್ಲ. ಏಕಾದಶಿಯ ಉಪವಾಸದಂದು ಅವಳು ಎಲೆಯಡಿಕೆ ಮುಟ್ಟುವುದಿಲ್ಲ. ಮರುದಿನ ಬೆಳಗ್ಗೆ ನಾನು ಲೇಖನವೊಂದರ ಕರಡು ತಿದ್ದುತ್ತಿದ್ದಾಗ ಬಾಗಿಲಲ್ಲಿ ನಿಂತು, "ನಿನ್ನೆ ಎಲೆ ತಿನ್ಲಿಲ್ಲ, ನೋಡಿ. ಆದ್ರೂ ಕೆಂಪುಂಟು, ಎಡಬದಿಯಲ್ಲಿ" ಎಂದಳು. ಅದು ನಾನು ಮಾಡಬೇಕಾಗಿದ್ದ ಪರಿಶೀಲನೆ. ನಾನು ತಲೆಯೆತ್ತದೆ, "ಗಟ್ಟಿ ಉಜ್ಜಿರ್ತಿ. ಆ ಬದಿ ನಾಲ್ಕು ದಿನ ಬ್ರಷ್ ಮುಟ್ಟಿಸ್ಬೇಡ" ಎಂದೆ. ನಾಲ್ಕು ದಿನ ಕಳೆದ ಮೇಲೆ ಏನಾಯಿತೆಂದು ವಿಚಾರಿಸಲೂ ಇಲ್ಲ. ಅವಳು ಆ ಬದಿಯನ್ನು ಹಾಗೆಯೇ ಬಿಟ್ಟಿದ್ದಳು. ಬಿಟ್ಟಲ್ಲಿ ಪಾಚಿ ಕಟ್ಟಿ, ಪಾಚಿ ಕಲ್ಲಾಗಿ ವಸಡಿನ ಕೆಳಕ್ಕೆ ಇಳಿಯಿತು. ಬಾಯಿ ವಾಸನೆ ಬರುತ್ತದೆಂದು ಅವಳು ಮಾತನಾಡುವಾಗ ಸೆರಗು ಅಡ್ಡ ಹಿಡಿಯುತ್ತಿದ್ದುದನ್ನು ಕಂಡದ್ದು ಈಗ ನೆನಪಾಗುತ್ತದೆ. ಆಗ ಅದಕ್ಕೊಂದು ಕಾರಣವಿರಬಹುದೆಂದು ಹೊಳೆಯಲಿಲ್ಲ.

ಮನೆ ತಲುಪಿದವನೇ ಪಂಚಾಂಗ ತೆರೆದೆ. ಅದು ಯಾವ ಏಕಾದಶಿ? ತುಳುವರ ಆಟಿ ತಿಂಗಳು ಆಗ ಇನ್ನೂ ಹುಟ್ಟಿರಲಿಲ್ಲ, ಕರಡು ಆಷಾಢದಲ್ಲಿ ಬಂದದ್ದು, ಅವಳು ಅಂದು ಪೂರ್ತಿ ನಿರಾಹಾರವಿದ್ದಳು. ಅಂದಮೇಲೆ ಪ್ರಥಮೈಕಾದಶಿಯೇ, ವಿಷ್ಣು ಮಲಗುವ ದಿನ. ಸುಳ್ಯಕ್ಕೆ ಹೋದದ್ದು ತುಳಸಿಪೂಜೆಯ ಮರುದಿನ, ಆ ವಿಷ್ಣು ಎದ್ದ ಮೇಲೆ. ಆ ವರ್ಷ ಅಧಿಕಮಾಸವಿರಲಿಲ್ಲ. ನಾಲ್ಕು ತಿಂಗಳು. ಲೆಕ್ಕ ತಪ್ಪಿರಲೆಂದು ಹಾರೈಸಿ ಮತ್ತೊಂದು ಪಂಚಾಂಗ ನೋಡಿದೆ. ಅದೂ ಅದನ್ನೇ ಹೇಳಿತು.

ಎರಡನೆಯ ಭೇಟಿಯಲ್ಲಿ ಕಲ್ಲು ತೆಗೆಯುವ ಮೊದಲೇ ವೈದ್ಯೆಗೆ ಎಲ್ಲವನ್ನೂ ತಿಥಿ ಸಹಿತ ಹೇಳಿದೆ. ಸಲಹೆ ಕೊಟ್ಟವನು ನಾನೆಂಬುದನ್ನೂ ಸೇರಿಸಿದೆ.

"ತಿಂಗಳು ಸಾಕು ಸರ್, ತಿಥಿ ಬೇಡ" ಎಂದು ಅವರು ನಕ್ಕರು.

"ಆಗಲೇ ಬಂದಿದ್ದರೆ ಆ ಹಲ್ಲು ಹೀಗಾಗುತ್ತಿರಲಿಲ್ಲ, ಅಲ್ಲವೇ?"

ಅವರು ನಗು ನಿಲ್ಲಿಸಿದರು. "ಎಲುಬು ಕರಗುದು ನಿಧಾನ. ಅದಕ್ಕೂ ಮೊದಲೇ ಶುರುವಾಗಿರ್ಬೇಕು. ಆದ್ರೆ ಆಗ ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ. ಆ ನಾಲ್ಕು ತಿಂಗಳಲ್ಲಿ ಎಷ್ಟು ಹೋಯ್ತು ಅಂತ ಯಾರಿಗೂ ಹೇಳ್ಲಿಕ್ಕಾಗುದಿಲ್ಲ."

ನನ್ನ ಪಾಲೆಷ್ಟು ಎಂಬುದನ್ನು ಇನ್ನು ಯಾವ ಪಂಚಾಂಗವೂ ತೀರ್ಮಾನಿಸಲಾರದು.

ಕಲ್ಲು ತೆಗೆದರೆ ಹಲ್ಲು ಸಡಿಲಾಗುತ್ತದೆಂಬ ಅವಳ ಹೆದರಿಕೆಯನ್ನು ವೈದ್ಯೆ ಹೋಗಲಾಡಿಸಿದರು: ಹಿಡಿದುಕೊಂಡಿರುವುದು ಕಲ್ಲಲ್ಲ, ಎಲುಬು. ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಹಗುರವಾಗಿ ತಿರುಗಿಸುವುದನ್ನೂ, ಹಲ್ಲುಗಳ ಸಂದಿಯಲ್ಲಿ ನೂಲು ಎಳೆಯುವುದನ್ನೂ ತೋರಿಸಿದರು. ಬೆಳಗ್ಗೆ ಒಮ್ಮೆ, ಮಲಗುವ ಮೊದಲು ಒಮ್ಮೆ. ಆರು ತಿಂಗಳಿಗೊಮ್ಮೆ, ನೋವಿಲ್ಲದಿದ್ದರೂ, ತಪಾಸಣೆ. ವಸಡಿನ ಈ ಕಾಯಿಲೆ ಮೊದಲಿಗೆ ನೋಯುವುದೇ ಇಲ್ಲ, ಕೆಂಪನ್ನಷ್ಟೇ ತೋರಿಸುತ್ತದೆ ಎಂದರು. ಎಲೆಯಡಿಕೆಯನ್ನು ಇಬ್ಬರೂ ಬಿಡಬೇಕೆಂದಾಗ ಅವಳು ನನಗಿಂತ ಮೊದಲು ತಲೆಯಾಡಿಸಿದಳು.

ತಬಕು ಈಗ ಅಟ್ಟದಲ್ಲಿದೆ. ಮುಂದಿನ ವಸಡುಗಳು ತಿಳಿಗುಲಾಬಿಗೆ ತಿರುಗಿವೆ. ಬೆಳಗ್ಗೆ ಅವಳು ಹಲ್ಲುಜ್ಜಿ ಬೇಸಿನ್ನಿನ ಬಳಿಯಿಂದ ಕರೆಯುತ್ತಾಳೆ: "ಬನ್ನಿ ವಿದ್ವಾಂಸರೇ, ಓದಿ ಹೇಳಿ, ಎಂತ ಬಣ್ಣ?" ನಾನು ಎದ್ದು ಹೋಗಿ ಬಾಗಿ ನೋಡುತ್ತೇನೆ. ನೊರೆ ಬೆಳ್ಳಗಿರುತ್ತದೆ. ಹಾಗೆಂದು ಹೇಳಿದರೆ ಸಾಲದು; "ಇನ್ನೊಮ್ಮೆ ನೋಡಿ" ಎನ್ನುತ್ತಾಳೆ. ಇನ್ನೊಮ್ಮೆ ನೋಡುತ್ತೇನೆ.

ದವಡೆಹಲ್ಲು ಸದ್ಯಕ್ಕೆ ಉಳಿದಿದೆ. ನಿನ್ನೆ ಸಂಜೆ ಚಕ್ಕುಲಿ ಕೊಟ್ಟಾಗ ಅವಳು ಅದನ್ನು ಮುರಿದು ಬಲಗಡೆಗೆ ಹಾಕಿಕೊಂಡಳು. ಎಡಗಡೆಯಲ್ಲೂ ಜಗಿಯಬಹುದೆಂದು ವೈದ್ಯೆ ಹೇಳಿದ್ದನ್ನು ನೆನಪಿಸಬೇಕೆಂದುಕೊಂಡೆ. ಆ ಬದಿಯ ಬಗ್ಗೆ ಸಲಹೆ ಕೊಡಲು ನಾಲಗೆ ಏಳಲಿಲ್ಲ.