ಸೂತಕದ ಮನೆಯ ಸಾಕ್ಷಿ

ನಾನು ನಿಮ್ಮ ಮನೆಯೊಳಗೆ ಕಾಲಿಟ್ಟಿರಲಿಲ್ಲ, ವೆಂಕಮ್ಮನವರೇ. ಅಂದು ಪೊಲೀಸರು ನಿಮ್ಮ ನಡುಮನೆಯಲ್ಲಿ ಏನು ತೆಗೆದರೋ, ಏನು ಇಟ್ಟರೋ, ನಾನು ಕಂಡಿಲ್ಲ. ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿ 'ಕಂಡೆ' ಎಂದೆ. ಆಮೇಲೆ ನಿಮ್ಮ ಮುಂದೆಯೂ 'ಕಂಡೆ' ಎಂದೆ. ಎರಡೂ ಸುಳ್ಳು. ನಿಮ್ಮ ಮಗ ಶೀನ ಜೈಲಿಗೆ ಹೋದದ್ದು ನನ್ನ ಈ ಒಂದು ಮಾತಿನಿಂದ.

ನಿಮಗೆ ಓದಲು ಬಾರದು. ಆದ್ದರಿಂದ ಬರೆದು ತಂದ ಈ ಕಾಗದವನ್ನು ನಾನೇ ನಿಮ್ಮೆದುರು ಕೂತು ಓದುತ್ತೇನೆ. ಬಾಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ — ನನ್ನ ನಾಲಗೆಯನ್ನು ನಾನು ನಂಬುವುದಿಲ್ಲ ತಾಯಿ. ಇಸ್ಕೂಲಿನಲ್ಲಿ ಜೀವಮಾನವೆಲ್ಲ ಪಾಠ ಹೇಳಿದ ನಾಲಗೆ. ಸ್ವಲ್ಪ ಸಡಿಲ ಬಿಟ್ಟರೆ ತನ್ನ ತಪ್ಪನ್ನೂ ನೀತಿಪಾಠ ಮಾಡಿಕೊಂಡು ಕೂರುತ್ತದೆ. ನಡುವೆ ನಾನು ನಿಲ್ಲಿಸಿದರೆ ಬಿಡಬೇಡಿ. 'ಓದಿ ಮೇಷ್ಟ್ರೇ' ಎಂದು ಗದರಿಸಿ.

ಮುನಿಯಮ್ಮನಿಂದ ಶುರುಮಾಡುತ್ತೇನೆ. ಅವಳನ್ನು ನೀವು ಮರೆತಿರಲಾರಿರಿ. ದಿನಾ ಬೆಳಿಗ್ಗೆ ನಮ್ಮ ಚಾಮರಾಜಪೇಟೆಯ ಬೀದಿಗೆ ಸೊಪ್ಪು ತರುತ್ತಿದ್ದವಳು. ಮೊದಲ ಬುಟ್ಟಿ ಇಳಿಸುತ್ತಿದ್ದದ್ದು ನಿಮ್ಮ ಬಾಗಿಲಲ್ಲೇ. ಮಹಾಯುದ್ಧಕ್ಕೆ ಮುಂಚಿನ ಮಾತು. ಅಕ್ಕಿ ತರಲು ನಾನು ಅಕ್ಕಿಪೇಟೆಗೆ ಹೋಗಿದ್ದೆ; ಅಲ್ಲಿ ಬೀದಿಬದಿಯಲ್ಲಿ ಅವಳೂ ಬುಟ್ಟಿ ಹೊತ್ತು ನಿಂತಿದ್ದಳು. ಯಾವನೋ ಬಿಳಿಯ ಅಧಿಕಾರಿಯ ಸಾರೋಟು ಬಂತು, ಜನ ಸರಿದು ದಾರಿ ಬಿಟ್ಟರು, ಅಷ್ಟರಲ್ಲಿ — ಏನೆಂದು ಹೇಳಲಿ — ಕಿವಿಯೊಳಗೇ ಯಾರೋ ಹೊಡೆದ ಹಾಗಾಯಿತು. ಆಮೇಲೆ ಸ್ವಲ್ಪ ಹೊತ್ತು ಲೋಕದಲ್ಲಿ ಸದ್ದೇ ಇರಲಿಲ್ಲ. ಬಾಂಬು ಎಸೆದವನು ಗುರಿ ತಪ್ಪಿದ್ದ. ಸಾರೋಟು ಹೋಗಿಯೇಬಿಟ್ಟಿತ್ತು. ಮುನಿಯಮ್ಮ ಬಿದ್ದಿದ್ದಳು. ಅವಳ ಬುಟ್ಟಿಯ ದಂಟಿನಸೊಪ್ಪು ಬೀದಿಯ ತುಂಬ ಚೆಲ್ಲಿತ್ತು. ನಾನು ಏನು ಮಾಡಿದೆ ಗೊತ್ತೇ? ಕೂತು ಸೊಪ್ಪು ಆರಿಸತೊಡಗಿದೆ. ಒಂದೊಂದೇ ಕಂತೆ ಎತ್ತಿ ಬುಟ್ಟಿಗೆ ಹಾಕಿದೆ. ಅವಳು ಎದ್ದ ಮೇಲೆ ಬೇಕಾಗುತ್ತದೆ ಎಂದುಕೊಂಡೆನೋ ಏನೋ — ಯಾರೋ ತೋಳು ಹಿಡಿದು ಎಬ್ಬಿಸಿ, 'ಸ್ವಾಮಿ, ಆಯಮ್ಮ ಹೋಗ್ಬಿಟ್ರು' ಎಂದಾಗಲೇ ಅವಳ ಮುಖ ನೋಡಿದ್ದು.

ಆ ಹೊತ್ತಿನಿಂದ ನನ್ನ ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ನೆಪವೆಂದು ಹೇಳುತ್ತಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ಸರ್ಕಾರ ಏನು ಮಾಡಿತು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿತು. ಕೊಡೆ ಹಿಡಿದವರನ್ನು ನಿಲ್ಲಿಸಿ ಕೊಡೆ ಬಿಚ್ಚಿಸಿದರು. ಹಲಸಿನಹಣ್ಣಿನ ಗಾಡಿಗಳನ್ನು ತಡೆದು ಒಂದೊಂದು ಹಣ್ಣಿಗೂ ಕತ್ತಿ ಚುಚ್ಚಿ ನೋಡಿದರು. ಮಡಿಬಟ್ಟೆ ಹರವುವ ಮಡಿಕೋಲಿಗೆ ಬಿದಿರು ಕೊಂಡೊಯ್ಯುತ್ತಿದ್ದ ಮುದುಕರೊಬ್ಬರನ್ನು ಠಾಣೆಯಲ್ಲಿ ಕೂಡಿಸಿದರು. ಬಿಳಿಯರ ಬಂಗಲೆಗಳಿಗೆ ಹಗಲುರಾತ್ರಿ ಕಾವಲು. ನಮ್ಮ ಪೇಟೆ ಬೀದಿಗಳಿಗೆ ಬರೀ ಬೆದರಿಕೆ. ತಿಂಗಳುಗಳು ಕಳೆದವು, ಎಸೆದವನ ಸುಳಿವೇ ಇಲ್ಲ. ಮುನಿಯಮ್ಮನ ಮನೆಯತ್ತ ಒಬ್ಬ ಅಧಿಕಾರಿಯೂ ತಲೆ ಹಾಕಲಿಲ್ಲ. ನನಗೆ ಮೈಯೆಲ್ಲ ಉರಿ. ಸಂಜೆಯಾದರೆ ಜಗಲಿಯ ಮೇಲೆ ನಿಂತು ಕೂಗಾಡುತ್ತಿದ್ದೆ: "ಸರ್ಕಾರ ಸತ್ತಿದೆಯೇನ್ರೀ? ಒಬ್ಬನ್ನ ಹಿಡೀಲಿ! ಯಾರನ್ನಾದ್ರೂ ಹಿಡೀಲಿ!"

'ಯಾರನ್ನಾದರೂ' — ಈ ಮಾತು ನನ್ನ ಬಾಯಿಂದ ಬಂದದ್ದು. ಬೀದಿಯವರನ್ನೆಲ್ಲ ಸೇರಿಸಿ ಮೇಲಿನವರಿಗೆ ಅರ್ಜಿ ಕೊಡಿಸಿದವನೂ ನಾನೇ. ದೇವರು ಕೆಲವೊಮ್ಮೆ ಕೇಳಿದ್ದನ್ನೇ ಕೊಡುತ್ತಾನೆ.

ಶೀನ ಆಗ ಮದರಾಸಿನಲ್ಲಿ ಓದಿ ಬಂದಿದ್ದ. ನಾನೇ ಅಕ್ಷರ ತಿದ್ದಿಸಿದ ಹುಡುಗ. ಪತ್ರಿಕೆ ಓದುತ್ತಿದ್ದ, ಸ್ವದೇಶಿ ಬಟ್ಟೆ ಉಡುತ್ತಿದ್ದ, ಗಟ್ಟಿಯಾಗಿ ಮಾತಾಡುತ್ತಿದ್ದ. ಒಂದು ಸಂಜೆ ನನ್ನ ಪಕ್ಕದಲ್ಲಿ ಕೂತು, "ಬಿಳಿಯರು ಹೋಗ್ಬೇಕು ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೀಗಲ್ಲ. ಮುನಿಯಮ್ಮ ಯಾರಿಗೇನು ಮಾಡಿದ್ಲು?" ಎಂದು ಕಣ್ಣೊರೆಸಿಕೊಂಡ. ಅದನ್ನು ನಾನು ನೋಡಿದ್ದೆ. ಅವನ ವಿಷಯದಲ್ಲಿ ಅದನ್ನು ಮಾತ್ರ ನಿಜವಾಗಿಯೂ ನೋಡಿದ್ದೆ. ಕೋರ್ಟಿನಲ್ಲಿ ಅವನ ಮಾತಿನ ಮೊದಲರ್ಧವನ್ನಷ್ಟೇ ಹೇಳಿದೆ. 'ಆದ್ರೆ ಹೀಗಲ್ಲ' ಎಂಬುದನ್ನು ನುಂಗಿಕೊಂಡೆ.

ಇನ್ನು ಆ ದಿನ. ನಿಮ್ಮ ಅತ್ತೆಯವರು ಹೋಗಿ ವಾರವಾಗಿರಬೇಕು. ಶೀನನೇ ಕರ್ಮ ಹಿಡಿದಿದ್ದ, ತಲೆ ಬೋಳಿಸಿಕೊಂಡು. ನಮ್ಮ ಮನೆಯಲ್ಲಿ ಅಂದೇ ನನ್ನ ತಾಯಿಯ ಶ್ರಾದ್ಧ. ನಾನು ಸ್ನಾನ ಮಾಡಿ ಮಡಿಯುಟ್ಟು ಬ್ರಾಹ್ಮಣರ ದಾರಿ ಕಾಯುತ್ತಿದ್ದೆ. ಜಟಕಾ ಬಂದು ನಿಂತಿತು, ಇನ್‌ಸ್ಪೆಕ್ಟರು ಇಳಿದು, "ಶೀನನ ಮನೆ ಶೋಧಿಸ್ಬೇಕು, ಸಾಕ್ಷಿಗೆ ಪಂಚರು ಬೇಕು, ನೀವೇ ಬನ್ನಿ ಮೇಷ್ಟ್ರೇ. ಅರ್ಜಿ ಕೊಟ್ಟೋರು ನೀವು ತಾನೆ? ನಿಮ್ಮ ಮಾತಿಗೆ ತೂಕವಿದೆ" ಎಂದರು. ಹೋದೆ. ಉಬ್ಬಿಕೊಂಡೇ ಹೋದೆ. ಆದರೆ ಶ್ರಾದ್ಧದ ಮಡಿಯಲ್ಲಿ ಸೂತಕದ ಮನೆಯ ಹೊಸಿಲು ದಾಟುವುದುಂಟೇ? "ನಾನು ಇಲ್ಲೇ ನಿಲ್ತೀನಿ" ಎಂದೆ. "ಪರವಾಗಿಲ್ಲ ಸ್ವಾಮಿ, ಸಿಕ್ಕಿದ್ದನ್ನ ಇಲ್ಲಿಗೇ ತಂದು ತೋರಿಸ್ತೀವಿ" ಎಂದರು ಅವರು. ಇನ್ನೊಬ್ಬ ಪಂಚ ಮೂಲೆಯಂಗಡಿಯವನು; ಪೊಲೀಸರನ್ನು ಕಂಡರೆ ಅಂಗಡಿ ಮುಚ್ಚುವ ಪ್ರಾಣಿ, ಅವನೂ ನನ್ನ ಹಿಂದೆಯೇ ನಿಂತ. ನಿಮ್ಮನ್ನು ಹಿತ್ತಲಿಗೆ ಕಳಿಸಿ ಬಾಗಿಲು ಹಾಕಿದ್ದರು. ಹಾಗಾಗಿ ನಾನೆಲ್ಲಿದ್ದೆ ಎಂಬುದು ನಿಮಗೆ ತಿಳಿಯಲೇ ಇಲ್ಲ.

ಬೀದಿಯಲ್ಲಿ, ಜಟಕಾದ ಪಕ್ಕದಲ್ಲಿ, ಯಾರನ್ನೂ ಮುಟ್ಟದಂತೆ ಪಂಚೆ ಮುದುರಿ ಹಿಡಿದು ನಿಂತಿದ್ದೆ. ಒಬ್ಬ ಪೇದೆ ಒಳಗಿನಿಂದ ಬಂದ. ಜಟಕಾದ ಹುಲ್ಲಿನ ಕೆಳಗೆ ಕೈ ಹಾಕಿ ಒಂದು ತಗಡಿನ ಡಬ್ಬಿ ತೆಗೆದ. ಕೋಟಿನೊಳಗೆ ಇಟ್ಟುಕೊಂಡು ಮತ್ತೆ ಒಳಗೆ ಹೋದ. ನನ್ನ ಕಣ್ಣೆದುರಿಗೇ! ನಾನು ಅಷ್ಟು ಹತ್ತಿರವಿದ್ದೇನೆ ಎಂಬ ಎಗ್ಗೂ ಅವನಿಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್‌ಸ್ಪೆಕ್ಟರು ಅದೇ ಡಬ್ಬಿಯನ್ನು ಎತ್ತಿಹಿಡಿದು ಹೊರಗೆ ಬಂದರು. ಮುಚ್ಚಳ ತೆಗೆದರೆ ಗಂಧಕದ ವಾಸನೆ. "ದೇವರ ಗೂಡಿನ ಹಿಂದೆ ಸಿಕ್ತು. ನೋಡಿದ್ರಲ್ಲ?" ಎಂದರು.

ಅಯ್ಯೋ ವೆಂಕಮ್ಮನವರೇ — ನಾನು ತಲೆಯಾಡಿಸಿದೆ.

ಏಕೆ ಆಡಿಸಿದೆ ಎಂದು ವರ್ಷಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಭಯವಿತ್ತೇ? ಇತ್ತು. ಆದರೆ ಭಯಕ್ಕಿಂತ ಹೆಚ್ಚಾಗಿ — ಹೇಳಲು ನಾಚಿಕೆಯಾಗುತ್ತದೆ — ಸಮಾಧಾನವಾಗಿತ್ತು. ಅಂತೂ ಸರ್ಕಾರ ಎದ್ದಿತು, ಅಂತೂ ಒಬ್ಬ ಸಿಕ್ಕಿದ ಎಂದು. ಪೊಲೀಸರಿಗೆ ನಮಗೆ ತಿಳಿಯದ್ದು ತಿಳಿದಿರುತ್ತದೆ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದುಕೊಂಡೆ. ಆ ಹೊಗೆ ಹಾಕಿದವರನ್ನು ಆಗಷ್ಟೇ ಕಣ್ಣಾರೆ ನೋಡಿದ್ದೆ! ಶೀನನನ್ನು ಎಳೆದು ತಂದರು. ಬೋಳುತಲೆ, ಒದ್ದೆ ಪಂಚೆ, ಬೆರಳಲ್ಲಿ ಇನ್ನೂ ದರ್ಭೆಯ ಪವಿತ್ರ. ಅಜ್ಜಿಗೆ ನೀರು ಬಿಡುತ್ತಿದ್ದ ಕೈಗೆ ಬೇಡಿ ಹಾಕಿದರು. ಅವನು ನನ್ನ ಕಡೆ ನೋಡಿ, "ಮೇಷ್ಟ್ರೇ, ನೀವು ಇಲ್ಲೇ ಇದ್ರಲ್ಲ, ಹೇಳಿ!" ಎಂದ. ನಾನು ಮಹಜರಿಗೆ ರುಜು ಹಾಕಿ ನೆಟ್ಟಗೆ ಮನೆಗೆ ಬಂದೆ. ಎಲೆ ಹಾಕಿಸಿದೆ. ಬ್ರಾಹ್ಮಣರು ತೃಪ್ತಿಯಾಯಿತು ಎಂದರು.

ಕೋರ್ಟಿನಲ್ಲಿ ಶೀನನ ವಕೀಲರು ಬಹಳ ಚುರುಕು. "ಅಂದು ನಿಮ್ಮ ತಾಯಿಯ ಶ್ರಾದ್ಧ. ಸೂತಕದ ಮನೆಯೊಳಕ್ಕೆ ಹೋದಿರಾ?" ಎಂದು ನೇರವಾಗಿ ಕೇಳಿಬಿಟ್ಟರು. ನಿಜ ಹೇಳಲು ಅಷ್ಟು ದೊಡ್ಡ ಬಾಗಿಲು ತೆರೆದಿತ್ತು. ಹೋಗಲಿಲ್ಲ ಎಂದಿದ್ದರೆ ಸಾಕಿತ್ತು. ನನ್ನ ಬಾಯಿ ಏನೆಂದಿತು ಗೊತ್ತೇ?

"ಹೋದೆ. ಪ್ರಜೆಯ ಕರ್ತವ್ಯಕ್ಕಿಂತ ನನ್ನ ಮಡಿ ದೊಡ್ಡದಲ್ಲ."

ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು ಗೌರವದಿಂದ ನೋಡಿದರು. ಆ ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಶೀನನಿಗೆ ವರ್ಷಗಟ್ಟಲೆ ಕಠಿಣ ಸಜೆಯಾಯಿತು.

ಇದರ ಮೇಲೆ ಇನ್ನೊಂದು. ನಮ್ಮ ಪುರೋಹಿತರು ಮನೆಗೇ ಬಂದು, "ಶ್ರಾದ್ಧದ ದಿನ ಸೂತಕದ ಮನೆ ಹೊಕ್ಕಿದ್ರಂತೆ. ಪ್ರಾಯಶ್ಚಿತ್ತ ಆಗ್ಬೇಕಲ್ಲ" ಎಂದರು. ಇಲ್ಲವೆಂದರೆ ಸುಳ್ಳು ಬಯಲಾಗುತ್ತದೆ. ಮಾಡಿಸಿಕೊಂಡೆ! ಉಪವಾಸವಿದ್ದು, ಜನಿವಾರ ಬದಲಿಸಿ, ಪಂಚಗವ್ಯ ಕುಡಿದೆ. ಮಾಡದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಂಡು, ಮಾಡಿದ ಪಾಪವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಬ್ರಾಹ್ಮಣನನ್ನು ನೀವು ಕಂಡಿದ್ದೀರಾ? ಥೂ!

ಅದೇ ವಾರ ನೀವು ಬಂದಿರಿ. ಅಳಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಿರಿ: "ಮೇಷ್ಟ್ರೇ, ಊರೋರ ಮಾತು ನನಗೆ ಬೇಡ. ನೀವು ಸುಳ್ಳು ಹೇಳೋರಲ್ಲ. ಕಣ್ಣಾರೆ ಕಂಡ್ರಾ? ಹೌದು ಅಂದ್ರೆ ಮುನಿಯಮ್ಮನ್ನ ಕೊಂದ ಕೈಗೆ ನಾನು ಅನ್ನ ಹಾಕಲ್ಲ. ಅವನ ಮುಖಾನೂ ನೋಡಲ್ಲ."

ಅಲ್ಲಿ ವಕೀಲರಿರಲಿಲ್ಲ, ಪೊಲೀಸರಿರಲಿಲ್ಲ. ನೀವೊಬ್ಬರೇ. "ಕಂಡೆ ತಾಯಿ" ಎಂದೆ.

ಜೈಲಿನಲ್ಲಿ ಅವನನ್ನು ನೋಡಲು ನೀವು ಒಮ್ಮೆಯೂ ಹೋಗಲಿಲ್ಲ.

ಮುಂದಿನ ವರ್ಷ ನಗರ್ತಪೇಟೆಯಲ್ಲಿ ಇನ್ನೊಂದು ಬಾಂಬು ಸಿಡಿಯಿತು. ಒಬ್ಬ ಹಮಾಲಿ ಸತ್ತ. ಅಕ್ಕಿಪೇಟೆಯಲ್ಲಿ ಚೆಲ್ಲಿದ್ದಂಥದೇ ತಗಡು, ಅಂಥದೇ ಮೊಳೆಗಳು ಎಂದು ಜನ ಆಡಿಕೊಂಡರು. ನಿಜವಾದವನು ಇಷ್ಟು ದಿನ ಊರಲ್ಲೇ ಓಡಾಡಿಕೊಂಡಿದ್ದ. ಅವನನ್ನು ಯಾರೂ ಹುಡುಕುತ್ತಿರಲಿಲ್ಲ, ಏಕೆಂದರೆ ಶೀನ ಸಿಕ್ಕಿದ್ದನಲ್ಲ! ಓಡಿಹೋಗಿ ಇನ್‌ಸ್ಪೆಕ್ಟರ ಮುಂದೆ ನಿಂತೆ. "ಇನ್ನಾದರೂ ಶೀನನನ್ನ ಬಿಡಿಸಿ" ಎಂದೆ. ಅವರು ನಕ್ಕರು. "ನಗರ್ತಪೇಟೇದು ಪಟಾಕಿ ಸಿಡಿದದ್ದು ಸ್ವಾಮಿ, ಹಾಗಂತಲೇ ಬರೆದು ಕಳಿಸಿದ್ದಾಯ್ತು. ಬಾಂಬು ಅಂದ್ರೆ ಹಳೇ ಕೇಸು ಏನಾಗುತ್ತೆ? ಮೇಲಿನೋರಿಗೆ ಒಬ್ಬ ಬೇಕಿತ್ತು, ನಿಮಗೂ ಒಬ್ಬ ಬೇಕಿತ್ತು, ಕೊಟ್ವಿ. ಸುಳ್ಳುಸಾಕ್ಷಿ ಅಂತ ಈಗ ಬಾಯಿ ಬಿಟ್ರೆ ಮೊದಲು ಒಳಗೆ ಹೋಗೋರು ನೀವು."

ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಬೆಳೆ ಕಾಯಬೇಕಾಗಿದ್ದ ನಾನೇ ಬೇಲಿಯ ಬಾಗಿಲು ತೆರೆದುಕೊಟ್ಟಿದ್ದೆ. ತಲೆ ತಗ್ಗಿಸಿ ಮನೆಗೆ ಬಂದೆ, ಬಾಯಿ ಹೊಲಿದುಕೊಂಡೆ. ಸರ್ಕಾರವನ್ನು ಬಯ್ಯುವುದನ್ನೂ ಅಂದೇ ಬಿಟ್ಟೆ. ಜನ ಮೇಷ್ಟ್ರು ಶಾಂತರಾದರು ಎಂದುಕೊಂಡರು. ಆ ಹಮಾಲಿಯ ಹೆಸರನ್ನು ಕೇಳಿ ತಿಳಿಯುವ ಧೈರ್ಯವೂ ನನಗಿರಲಿಲ್ಲ.

ಶೀನ ಬಿಡುಗಡೆಯಾಗಿ ಬಂದು ನಿಮ್ಮ ಬಾಗಿಲು ತಟ್ಟಿದ್ದೂ, ನೀವು ತೆರೆಯದೆ ಇದ್ದದ್ದೂ ನನಗೆ ಗೊತ್ತು. ಕಿಟಕಿಯಿಂದ ನೋಡಿದೆ. ಮಧ್ಯಾಹ್ನದ ತನಕ ನಿಂತಿದ್ದು ಹೊರಟುಹೋದ. ಅಷ್ಟು ನೋಡಿಯೂ ಹೊರಗೆ ಬರದೆ ಕೂತೆನಲ್ಲ, ಆ ದಿನದ ನನ್ನನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ. ಈಗ ಅವನು ಶ್ರೀರಾಂಪುರದಲ್ಲಿದ್ದಾನೆ, ಗಿರಣಿಗೆ ಹೋಗುತ್ತಾನೆ. ನಿನ್ನೆ ಹುಡುಕಿಕೊಂಡು ಹೋದೆ. ಕೂದಲು ನರೆತಿದೆ, ಕೆಮ್ಮು ಹತ್ತಿದೆ. ನನ್ನನ್ನು ಕಂಡು ಎದ್ದು ನಿಂತ — ಇನ್ನೂ ಎದ್ದು ನಿಲ್ಲುತ್ತಾನೆ! ಎಲ್ಲ ಹೇಳಿದೆ. ಹುಲ್ಲಿನ ಕೆಳಗಿನ ಡಬ್ಬಿ, ಪಂಚಗವ್ಯ, ಎಲ್ಲ. ಹೊಡೆಯುತ್ತಾನೆಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೇಳಿದ್ದು ಒಂದೇ:

"ಅಮ್ಮನಿಗೆ ಹೇಳಿದ್ರಾ ಮೇಷ್ಟ್ರೇ?"

ಮನೆಗೆ ಬಂದು ರಾತ್ರಿಯೆಲ್ಲ ಕೂತು ಇದನ್ನು ಬರೆದೆ.

ನಾಳೆ ನಾನು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಇಷ್ಟನ್ನೂ ಹೇಳುತ್ತೇನೆ. ಜೈಲೆಂದರೆ ಜೈಲು. ನಿಮ್ಮಿಂದ ಕ್ಷಮೆ ಕೇಳುವುದಿಲ್ಲ, ಕೇಳುವ ಯೋಗ್ಯತೆಯಿಲ್ಲ. ನೀವು ಕೊಡಲೂ ಕೂಡದು. ಆದರೆ ನಾಳೆಯ ತನಕ ಕಾಯಬಾರದ ಕೆಲಸ ಒಂದಿದೆ. ನಿಮ್ಮ ಮಗ ಯಾರನ್ನೂ ಕೊಲ್ಲಲಿಲ್ಲ ತಾಯಿ. ಅವನ ಕೈಗೆ ನೀವು ಅನ್ನ ಹಾಕಬಹುದಾಗಿತ್ತು, ಇಷ್ಟು ವರ್ಷವೂ ಹಾಕಬಹುದಾಗಿತ್ತು.

ಕಾಗದದಲ್ಲಿ ಬರೆದದ್ದು ಇಷ್ಟೇ, ಇನ್ನುಳಿದದ್ದು ಬಾಯಲ್ಲಿ: ಅವನನ್ನು ಕರೆತಂದಿದ್ದೇನೆ. ಎದುರುಗಡೆ ಹೊಂಗೆಮರದ ಕೆಳಗೆ ನಿಂತಿದ್ದಾನೆ. ಎಷ್ಟು ಹೇಳಿದರೂ ನನ್ನ ಜೊತೆ ಮುಂದೆ ಬರಲಿಲ್ಲ. "ಅಮ್ಮ ಕರೆದ್ರೆ ಬರ್ತೀನಿ" ಎಂದ. ನಾನು ಓದುವುದು ಮುಗಿಯಿತು, ವೆಂಕಮ್ಮನವರೇ. ಕರೆಯಿರಿ.