ಸುದ್ದಿ ಕೊಯ್ಯುವ ಇಂದ್ರಾಬಾಯಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊರ್ತಿ ಊರಾಚೆಯ ಲಿಂಬೆ ತೋಟದಲ್ಲಿ ಇಂದ್ರಾಬಾಯಿ ಗಿಡದ ಕೆಳಗೆ ಬಗ್ಗಿ ನಿಂತಿದ್ದಾರೆ. ರಾತ್ರಿ ತಾನಾಗಿ ಉದುರಿದ ಹಣ್ಣು ಎಷ್ಟು ಬಿದ್ದಿವೆ ಎಂದು ನೋಡುತ್ತಾರೆ. ಮುಳ್ಳಿಗೆ ಸಿಗದಂತೆ ಸೆರಗನ್ನು ಸೊಂಟಕ್ಕೆ ಬಿಗಿದು, ಟೊಂಗೆಯೊಂದನ್ನು ಎತ್ತಿ ಹಿಡಿದು, ಹಸಿರು ಕಾಯಿ ಹಳದಿಗೆ ತಿರುಗಲು ಇನ್ನೆಷ್ಟು ದಿನ ಬೇಕಾದೀತು ಎಂದು ಅಂದಾಜು ಹಾಕುತ್ತಾರೆ. ಕೈಯಲ್ಲಿ ಬುಟ್ಟಿ ಇಲ್ಲ, ಚೀಲ ಇಲ್ಲ. ಒಂದು ಹಣ್ಣನ್ನೂ ಕೊಯ್ಯುವುದಿಲ್ಲ. ಮೊಬೈಲ್ ತೆಗೆದು ಗಿಡದ ಫೋಟೊ ಹೊಡೆಯುತ್ತಾರೆ, ಆಮೇಲೆ ಅದನ್ನೇ ಬಾಯಿಯ ಹತ್ತಿರ ಹಿಡಿದು, "ಹಳ್ಳದ ದಂಡಿ ತ್ವಾಟ. ಕಾಯಿ ದಪ್ಪ ಅದಾವ. ನಾಳಿಗಿ ನಾಕೈದು ಡಾಗ ಬರ್ತಾವ" ಎನ್ನುತ್ತಾರೆ. ಡಾಗ ಎಂದರೆ ಈ ಕಡೆ ಸಾವಿರ ಲಿಂಬೆ ಹಿಡಿಯುವ ಚೀಲ.

ಪಕ್ಕದ ಸಾಲಿನಲ್ಲಿ ಹಣ್ಣು ಆರಿಸುವ ಹೆಂಗಸರಿದ್ದಾರೆ. ಇಂದ್ರಾಬಾಯಿ ಬರುವ ಮುಂಚೆ ಅವರ ಮಾತು, ನಗು ರಸ್ತೆಯವರೆಗೂ ಕೇಳುತ್ತಿತ್ತು. ಈಗ ಬುಟ್ಟಿಗೆ ಲಿಂಬೆ ಬೀಳುವ ಸದ್ದು ಮಾತ್ರ. ಇಂದ್ರಾಬಾಯಿಗೆ ಅದು ಗೊತ್ತಾಗುತ್ತದೆ. ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದು, "ನೋಡ್ರವ್ವಾ, ಫೋನ್ ಚಾಲೂ ಐತಿ. ನಾ ಕಂಪನಿಯಾಕಿ ಆಗಿ ಬಂದೇನಿ. ಮನಿ ಮಾತು ನನ್ನ ಮುಂದ ಆಡಬ್ಯಾಡ್ರಿ" ಎಂದು ಹೇಳಿ ಮುಂದಿನ ಗಿಡಕ್ಕೆ ಹೋಗುತ್ತಾರೆ.

ಈಕೆಯನ್ನು ಹೊಗಳಿ ಬರೆಯಬೇಕೆಂದೇ ಪತ್ರಿಕೆಯ ಪುರವಣಿಯವರಾದ ನಾವು ಹೊರ್ತಿಗೆ ಹೋದದ್ದು. ರೈತರ ಮಾಲು ಕೊಳ್ಳುವ ಕಂಪನಿಯವರು ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ, ಹಳ್ಳಿಯ ಹೆಣ್ಣುಮಗಳು ಹೊಸ ವಿದ್ಯೆ ಕಲಿತಿದ್ದಾಳೆ, ಸುದ್ದಿಗೆ ಇನ್ನೇನು ಬೇಕು? ಆದರೆ ಇಂದ್ರಾಬಾಯಿ ಮೊದಲ ಮಾತಿಗೇ ತಡೆದರು. "ಬರೀರಿ. ಬರೀಬ್ಯಾಡ ಅನ್ನಂಗಿಲ್ಲ. ಆದ್ರ ಪೂರಾ ಬರೀರಿ. ಶಾಲಿನ ಸುದ್ದಿ ಒಂದ ಬರದ್ರ, ನಾ ಊರಾಗ ತಲಿ ಎತ್ತಿ ತಿರುಗಾಕ ಆಗಂಗಿಲ್ಲ." ಆದ್ದರಿಂದ ಇದು ಪೂರಾ ಕತೆ. ಕಂಪನಿಯ ಹೆಸರು ಬೇಡವೆಂದರು, ಬಿಟ್ಟಿದ್ದೇವೆ.

ಇಂದ್ರಾಬಾಯಿಯ ತವರು ಸಿಂದಗಿ ಕಡೆಯ ಹಳ್ಳಿ. ಓದಿದ್ದು ಏಳನೆಯ ತರಗತಿ. ಮದುವೆಯಾಗಿ ಹೊರ್ತಿಗೆ ಬಂದರು. ಗಂಡ ಬೀರಣ್ಣ ಕುರಿ ಕಾಯುತ್ತಾರೆ, ವರ್ಷದಲ್ಲಿ ಅರ್ಧ ಕಾಲ ಕುರಿ ಹಿಂಡಿನ ಹಿಂದೆ ಊರೂರು. ಕುರಿಯೊಂದನ್ನೇ ನಂಬಿದರೆ ಒಲೆ ಉರಿಯುವುದಿಲ್ಲವೆಂದು ಇಂದ್ರಾಬಾಯಿ ಹತ್ತಿರದ ಇಂಡಿ ಪಟ್ಟಣದಲ್ಲಿ ಲಿಂಬೆ ವಿಂಗಡಿಸುವ ಕೂಲಿಗೆ ಹೋಗುತ್ತಿದ್ದರು. ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ, ಕಲೆ ಬಿದ್ದದ್ದು ಉಪ್ಪಿನಕಾಯಿಗೆ. ಬಿರುಕು ಬಿಟ್ಟ ಬೆರಳಿಗೆ ಲಿಂಬೆಯ ಹುಳಿ ಇಳಿದು ರಾತ್ರಿ ಮುದ್ದೆಯಾಗಿ ಮಲಗಿದ ದಿನಗಳನ್ನು ಅವರು ಈಗಲೂ ಮರೆತಿಲ್ಲ. ಹಾಗಿರುವಾಗ ಕಂಪನಿಯವರು ಬಂದು ಮೊಬೈಲ್ ಕೈಗಿಟ್ಟರು, ತೋಟ ಸುತ್ತಿ ನೋಡಿ ಹೇಳಿದರೆ ಸಾಕು ಅಂದರು. ಬೀರಣ್ಣ ಚೇಷ್ಟೆ ಮಾಡಿದರಂತೆ, "ಕುರಿ ಎಣಿಸೋ ಮನಿಯಾಗ ಕಾಯಿ ಎಣಿಸಾಕಿ ಹುಟ್ಟಿದ್ಲು ನೋಡು" ಎಂದು.

ಕೆಲಸದ ಹೂರಣ ಇಷ್ಟೆ. ಮಾಲು ಮಾರುಕಟ್ಟೆಗೆ ಬಂದ ಮೇಲೆ ದರ ಕೂಗುವವನು ಹಳೆಯ ವ್ಯಾಪಾರಿ. ಮಾಲು ಟೊಂಗೆಯಲ್ಲಿರುವಾಗಲೇ ಅದರ ಸುದ್ದಿ ಕೊಳ್ಳುವವನು ಹೊಸ ವ್ಯಾಪಾರಿ. ಇಂದ್ರಾಬಾಯಿಯಂಥವರು ಈ ಕಂಪನಿಗೆ ಇನ್ನೂ ಕೆಲವರಿದ್ದಾರೆ. ಸಿಂದಗಿ ಕಡೆ ಹತ್ತಿಯ ಸುದ್ದಿ, ಮುದ್ದೇಬಿಹಾಳ ಕಡೆ ತೊಗರಿಯ ಸುದ್ದಿ, ಹೂವಿನ ಹಿಪ್ಪರಗಿ, ಇಂಗಳೇಶ್ವರದ ಕಡೆಯಿಂದ ಉಳ್ಳಾಗಡ್ಡಿಯ ಸುದ್ದಿ. ಎಲ್ಲವೂ ಬೆಳಗ್ಗೆ ಚಹಾ ಹೊತ್ತಿಗೆ ಇಂಡಿಯ ಆಫೀಸಿನ ಕಂಪ್ಯೂಟರಿಗೆ ಸೇರುತ್ತದೆ. ಅದು ದೂರದ ಪೇಟೆಗಳ ದರ, ಮಳೆಯ ಸೂಚನೆ, ಲಾರಿಯ ಲೆಕ್ಕ ಎಲ್ಲ ಕೂಡಿಸಿ, ಯಾವ ತೋಟಕ್ಕೆ ಗಾಡಿ ಕಳಿಸಬೇಕು, ಎಷ್ಟಕ್ಕೆ ಕೇಳಬೇಕು ಎಂದು ಹೇಳಿಬಿಡುತ್ತದೆ. ಉಳಿದ ವ್ಯಾಪಾರಿಗಳು ಬೈಕ್ ಹತ್ತಿ ತೋಟಕ್ಕೆ ಬರುವಷ್ಟರಲ್ಲಿ ಲಿಂಬೆ ಸೊಲ್ಲಾಪುರ ದಾಟಿರುತ್ತದೆ.

ಇದರಿಂದ ರೈತರಿಗೂ ಒಳ್ಳೆಯದೇ ಆಗಿತ್ತು, ಆ ಮಾತನ್ನು ಇಂದ್ರಾಬಾಯಿ ಮುಚ್ಚಿಡುವುದಿಲ್ಲ. ಗಾಡಿ ಬಾಗಿಲಿಗೆ ಬರತೊಡಗಿತು, ಕಾದು ಕಾದು ಹಣ್ಣು ಕೊಳೆಯುವುದು ತಪ್ಪಿತು. ಈಕೆ ಬಂದರೆ ಹೆಂಗಸರು ಬುಟ್ಟಿ ಬದಿಗಿಟ್ಟು ಮಾತಿಗೆ ಕೂರುತ್ತಿದ್ದರು. ಒಬ್ಬಾಕೆ ಅತ್ತೆಯ ಸುದ್ದಿ ತೆಗೆದರೆ ಇನ್ನೊಬ್ಬಾಕೆ ಭಾವನ ಸುದ್ದಿ.

ಒಂದು ದಿನ ಮೊಬೈಲಿನಲ್ಲಿ ಹೊಸ ಖಾನೆ ಬಂತು. ಅದರ ಹೆಸರು 'ಇತರ ಮಾಹಿತಿ'. ಕಂಪನಿಯ ಮ್ಯಾನೇಜರ್ ಸುನೀಲಕುಮಾರ ತಿಳಿಸಿ ಹೇಳಿದರು, "ಅಕ್ಕಾರ, ಗಿಡದ ಸುದ್ದಿ ಯಾರ ಬೇಕಾದ್ರೂ ತರ್ತಾರ. ಮನಿ ಸುದ್ದಿ ತರಾಕ ನಿಮ್ಮಂಥಾಕಿ ಬೇಕು." ಯಾರ ಬೋರ್ ಬತ್ತಿತು, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು, ಯಾರು ದವಾಖಾನೆ ಸೇರಿದರು, ಎಲ್ಲಿ ಲಗ್ನ ಗಟ್ಟಿಯಾಯಿತು. ಯಾಕೆಂದು ಕೇಳಿದ್ದಕ್ಕೆ, ರೈತರ ಕಷ್ಟಸುಖ ಗೊತ್ತಿರಲಿ ಅಂತ, ಎಂದರು.

"ನಂಬಿದ್ನಿ ಅಂತ ಹೇಳಬಹುದ್ರಿ" ಎನ್ನುತ್ತಾರೆ ಇಂದ್ರಾಬಾಯಿ. "ಖರೇ ಹೇಳಬೇಕಂದ್ರ ನಾ ವಿಚಾರನ ಮಾಡ್ಲಿಲ್ಲ. ಶಾಣ್ಯಾಕಿ ಅಂದ್ರು, ಉಬ್ಬಿದೆ. ನನ್ನ ಸುದ್ದಿ ಎಲ್ಲಾರಕಿಂತ ಹೆಚ್ಚಿಗಿ ಇರ್ಲಿ ಅನ್ನೋ ಆಸೆ ಹತ್ತಿತು."

ಇನ್ನು ಲಕ್ಕವ್ವನ ಮಾತು. ಲಕ್ಕವ್ವ ಮತ್ತು ಇಂದ್ರಾಬಾಯಿಯ ಮನೆಗಳಿಗೆ ನಡುವೆ ಒಂದೇ ಗೋಡೆ. ಲಕ್ಕವ್ವನ ಗಂಡ ಮಲ್ಲಣ್ಣನಿಗೆ ಬಾವಿ ಇರುವ ಲಿಂಬೆ ತೋಟವಿದೆ. ಇಂದ್ರಾಬಾಯಿ ಹೊಸದಾಗಿ ಗಂಡನ ಮನೆಗೆ ಬಂದಾಗ ತವರಿನ ನೆನಪಿಗೆ ಅತ್ತರೆ ಕರೆದು ಉಣ್ಣಿಸಿದಾಕೆ ಲಕ್ಕವ್ವ, ಹೆರಿಗೆಯಲ್ಲಿ ತಲೆದೆಸೆಗೆ ಕುಳಿತಾಕೆ ಲಕ್ಕವ್ವ. ತಮ್ಮ ಹಿರಿಯ ಮಗಳು ಕೋಮಲಳಿಗೆ ಗಂಡು ಗೊತ್ತಾದ ದಿನ ಲಕ್ಕವ್ವ ಸ್ವಂತ ಅಣ್ಣತಮ್ಮಂದಿರಿಗೂ ಹೇಳುವ ಮುಂಚೆ ಇಂದ್ರಾಬಾಯಿಯನ್ನು ಒಳಗೆ ಕರೆದರು. ಮಣೆ ಹಾಕಿ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಖಣ ಇಟ್ಟು ಉಡಿ ತುಂಬಿದರು. "ಇನ್ನೂ ಯಾರಿಗೂ ಹೇಳಿಲ್ಲ ಇಂದ್ರಾ. ನಿನಗ ಮೊದ್ಲ" ಎಂದರು. ಬಂಗಾರ ಮಾಡಿಸಬೇಕು, ಬೀಗರು ದಿನ ಹತ್ತಿರವೇ ಹಿಡಿದಿದ್ದಾರೆ, ಕೈಯಲ್ಲಿ ರೊಕ್ಕವಿಲ್ಲ ಎಂಬ ಒಳಗಿನ ಮಾತನ್ನೂ ಆಡಿದರು.

ಸೆರಗಿನಲ್ಲಿ ಉಡಿ ಅಕ್ಕಿ ಹಾಗೇ ಇತ್ತು. ಇಂದ್ರಾಬಾಯಿ ತಮ್ಮ ಮನೆಯ ಹೊಸ್ತಿಲು ದಾಟಿದವರೇ ಮೊಬೈಲ್ ತೆಗೆದು ಆ ಸುದ್ದಿಯನ್ನು ಹೇಳಿಬಿಟ್ಟರು. "ಖುಷಿಲೇ ಹೇಳಿದ್ನಿರಿ. ನಮ್ಮ ಕೋಮಲನ ಲಗ್ನ ಅಂತ. ಒಳ್ಳೆ ಸುದ್ದಿ ಇದ್ರ ನಾಲಿಗಿ ಸುಮ್ನ ಕುಂದರ್ತದೇನು?"

ಮಾರನೆಯ ಬೆಳಗ್ಗೆಯೇ ಕಂಪನಿಯವನೊಬ್ಬ ಮಲ್ಲಣ್ಣನ ತೋಟದಲ್ಲಿ ಹಾಜರು. ದಿನದಿನದ ಹಣ್ಣಲ್ಲ, ಬೇಸಿಗೆಯ ಫಸಲನ್ನೇ ಪೂರ್ತಿ ಗುತ್ತಿಗೆಗೆ ಕೊಡು ಎಂದ. ಕೇಳಿದ ದರ ಮಾತ್ರ ತೀರಾ ಕಡಿಮೆ, ಬಾಯಿಬಿಟ್ಟು ಹೇಳುವಂಥದ್ದಲ್ಲ. ಆದರೆ ಇವತ್ತು ಹೂಂ ಅಂದರೆ ಇವತ್ತೇ ರೊಕ್ಕ. ಬೇಸಿಗೆ ಏರಿದ ಹಾಗೆ ಲಿಂಬೆಯ ದರವೂ ಏರುತ್ತದೆಂದು ಮಲ್ಲಣ್ಣನಿಗೆ ಗೊತ್ತಿಲ್ಲದೆ ಇಲ್ಲ. ಬಂಗಾರದಂಗಡಿಯವನು ಅಲ್ಲಿಯವರೆಗೆ ಕಾಯಬೇಕಲ್ಲ. ದೇವರೇ ದಾರಿ ತೋರಿಸಿದ ಎಂದುಕೊಂಡು ಮಲ್ಲಣ್ಣ ಒಪ್ಪಿದರು. ಇಂದ್ರಾಬಾಯಿಯೂ ಹಾಗೆಯೇ ಅಂದುಕೊಂಡರು. ಬಿಸಿಲು ಏರಿತು, ದರವೂ ಏರಿತು. ಲಕ್ಕವ್ವ ತಮ್ಮದೇ ತೋಟದಲ್ಲಿ ಕಂಪನಿಯ ಕೂಲಿಗೆ ಹಣ್ಣು ಆರಿಸತೊಡಗಿದರು.

ಆ ನಡುವೆ ಬಸವನ ಬಾಗೇವಾಡಿಯಲ್ಲಿ ಕಂಪನಿಯ ಸಭೆ. ವಿಜಯಪುರದಲ್ಲಿ ಬಸ್ ಬದಲಿಸಿ, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಇಂದ್ರಾಬಾಯಿ ಹೋದರು. ಎಲ್ಲರ ಮುಂದೆ ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಆಮೇಲೆ ಸುನೀಲಕುಮಾರ ಗೋಡೆಯ ಮೇಲೆ ಚಿತ್ರ ಮೂಡಿಸಿ ಮಾತಿಗೆ ನಿಂತರು. "ರೊಕ್ಕ ಎಲ್ಲಾ ವ್ಯಾಪಾರಸ್ಥರ ಹಂತೇಕ ಐತಿ. ಗಾಡಿ ಎಲ್ಲಾರ ಹಂತೇಕ ಅದಾವ. ನಮ್ಮ ಹಂತೇಕ ಇರೋದು ಯಾರ ಹಂತೇಕನೂ ಇಲ್ಲ, ಅದು ಸುದ್ದಿ" ಎಂದರು. ಒಂದು ಉದಾಹರಣೆ ತೋರಿಸಿದರು. ಹೊರ್ತಿಯ ಒಂದು ಮನೆ, ಮಗಳ ಮದುವೆ, ಬಂಗಾರಕ್ಕೆ ಅವಸರ. ಅದಕ್ಕೇ ದರ ಇಳಿಸಿ ಕೇಳಿದೆವು, ಬೇರೆಯವರಿಗೆ ಸುಳಿವು ಸಿಗುವ ಮುಂಚೆ ತೋಟ ನಮ್ಮದಾಯಿತು. ಸಭೆ ಚಪ್ಪಾಳೆ ತಟ್ಟಿತು.

"ನಾನೂ ತಟ್ಟಿದ್ನಿರಿ" ಎನ್ನುವಾಗ ಇಂದ್ರಾಬಾಯಿ ಮುಖ ತಿರುಗಿಸುತ್ತಾರೆ. "ಎಲ್ಲಾರೂ ತಟ್ಟಿದ್ರು, ನಾನೂ ತಟ್ಟಿದೆ. ತಟ್ಟಿದ ಮ್ಯಾಲ ಗ್ವಾಡಿ ನೋಡ್ತೇನಿ, ಬಾವಿ ದಂಡಿ ಮ್ಯಾಗಿನ ಗಿಡ. ನಾನ ಹೊಡದ ಫೋಟೊ. ಮಲ್ಲಣ್ಣನ ತ್ವಾಟ." ಅಲ್ಲಿಂದ ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಹೆಗಲ ಮೇಲಿನ ಶಾಲು ಸುಡುತ್ತಿತ್ತು, ತೆಗೆಯುವ ಧೈರ್ಯವೂ ಬರಲಿಲ್ಲ. ಮೇಲೆ ಊಟಕ್ಕೆ ಕೂತು ಹೋಳಿಗೆಯನ್ನೂ ಉಂಡರು. ಅದನ್ನು ನೆನೆದರೆ ಈಗಲೂ ಅವರಿಗೆ ತಮ್ಮ ಮೇಲೆ ಹೇಸಿಗೆಯಾಗುತ್ತದೆ. "ಉಂಡ ಮನಿ ಜಂತಿ ಎಣಿಸಬಾರದು ಅಂತಾರ. ನಾ ಎಣಿಸಿ, ಲೆಕ್ಕಾ ಮಾರಿಕೊಂಡು, ಮ್ಯಾಲ ಶಾಲ ಹೊದಿಸಿಕೊಂಡೆ."

ಹೇಳದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಲ್ಲಣ್ಣ ದೇವರ ದಯೆ ಎಂದೇ ತಿಳಿದಿದ್ದರು. ಕೆಲವು ದಿನ ಇಂದ್ರಾಬಾಯಿ ಹಾಗೆಯೇ ಇರಲು ನೋಡಿದರು. ಆದರೆ ಬೆಳಗ್ಗೆ ತೋಟಕ್ಕೆ ಹೋದರೆ ಲಕ್ಕವ್ವ ತಮ್ಮ ಗಿಡದಡಿ ಕೂಲಿಯವರ ಸಾಲಿನಲ್ಲಿ ಕೂತು, "ಬಾ ಇಂದ್ರಾ, ಉಂಡೇನು?" ಎಂದು ಕೇಳುವುದು. ಆ ಮಾತನ್ನು ಎಷ್ಟು ದಿನ ತಾಳಬಹುದು? ಒಂದು ಮಧ್ಯಾಹ್ನ ಹೋಗಿ ಎಲ್ಲ ಹೇಳಿದರು. ಲಕ್ಕವ್ವ ಜೋಳ ಕೇರುತ್ತಿದ್ದರು. ಬೈಯಲಿಲ್ಲ, ಅಳಲಿಲ್ಲ. "ನಾ ನಿನಗ ಹೇಳಿದ್ನಲ್ಲ" ಎಂದರು. ಮೊರ ಕೆಳಗಿಟ್ಟು, "ಅವರಿಗೆ ಹೇಳಿದ್ನೇನು?" ಎಂದರು. ಮತ್ತೆ ಮೊರ ಎತ್ತಿಕೊಂಡರು.

ಇಂದ್ರಾಬಾಯಿ ಇಂಡಿಗೆ ಹೋಗಿ, ಇನ್ನು ಮೇಲೆ ಗಿಡದ ಸುದ್ದಿ ಮಾತ್ರ ಕೊಡುತ್ತೇನೆ ಎಂದರು. ಸುನೀಲಕುಮಾರ ಜಗಳವಾಡಲಿಲ್ಲ. "ಗಿಡದ ಫೋಟೊ ನಾಳೆ ಡ್ರೋನ್ ಹೊಡಿತೈತಿ ಅಕ್ಕಾರ. ಆಮ್ಯಾಲ ನೀವ್ಯಾಕ ಬೇಕು ನಮಗ?" ಎಂದರಂತೆ, ಅದೂ ನಗುತ್ತಲೇ. ಆ ಡ್ರೋನು ಇನ್ನೂ ಬಂದಿಲ್ಲ, ಬರುವವರೆಗೆ ಕೆಲಸವಿದೆ. ಅಷ್ಟು ನಾಚಿಕೆಯಿದ್ದರೆ ಮೊಬೈಲ್ ಬಿಸಾಕಬಹುದಿತ್ತಲ್ಲ ಎಂದು ಫ್ಯಾನಿನ ಕೆಳಗೆ ಕೂತವರು ಕೇಳಬಹುದು. ಇಂದ್ರಾಬಾಯಿಯನ್ನೂ ಕೇಳಿದೆವು. "ನಾ ಬಿಟ್ರ ಬ್ಯಾರೆದಾಕಿ ಬರ್ತಾಳ್ರಿ. ಆಕಿ, ಫೋನ್ ಚಾಲೂ ಐತಿ ಅಂತ ಹೇಳಿ ಬರ್ತಾಳೇನು? ಮತ್ತ ಹೊಟ್ಟಿನೂ ಐತಲ್ಲ. ಅದನ್ನ ಯಾಕ ಮುಚ್ಚಿಡ್ಲಿ."

ಇಷ್ಟನ್ನು ಬರೆಯುವ ಮುಂಚೆ ಲಕ್ಕವ್ವನ ಒಪ್ಪಿಗೆ ಕೇಳದಿದ್ದರೆ ನಾವೂ ಅದೇ ಕಂಪನಿಯ ಸಾಲಿಗೆ ಸೇರುತ್ತಿದ್ದೆವು. ಲಕ್ಕವ್ವ ಹೇಳಿದ್ದು ಇಷ್ಟು: "ಬರ್ಕೋರಿ. ನಮ್ಮ ಮನಿ ಸುದ್ದಿ ಗ್ವಾಡಿ ಮ್ಯಾಲ ಬಂದಾಗೇತಿ, ಪೇಪರಿನಾಗ ಬಂದ್ರ ಏನ್ ಹೆಚ್ಚು."

ಕೋಮಲಳ ಲಗ್ನ ಆಯಿತು. ಈ ಕಡೆ ಲಗ್ನದ ರೊಟ್ಟಿಯನ್ನು ಒಂದೇ ಮನೆಯಲ್ಲಿ ಬಡಿದು ಮುಗಿಸಲಾಗದು. ಮದುವೆ ಮನೆಯವರು ಜೋಳದ ಹಿಟ್ಟನ್ನು ಬುಟ್ಟಿಯಲ್ಲಿ ಹಾಕಿ ತಮ್ಮವರ ಮನೆಮನೆಗೆ ಕಳಿಸುತ್ತಾರೆ. ಹಿಟ್ಟು ಬಂದ ಮನೆಯಾಕೆ ರೊಟ್ಟಿ ಬಡಿದು ವಾಪಸ್ ಕೊಡಬೇಕು. ಅದಕ್ಕೆ ಕೂಲಿ ಇಲ್ಲ, ಹಿಟ್ಟು ಬಂತು ಎಂಬುದೇ ಮಾನ. ಇಂದ್ರಾಬಾಯಿ ಹಂಚು ತೊಳೆದಿಟ್ಟು ಬಾಗಿಲಲ್ಲಿ ಕೂತಿದ್ದರು. ಆಚೆ ಮನೆಗೆ ಹಿಟ್ಟು ಹೋಯಿತು, ಎದುರು ಮನೆಗೆ ಹೋಯಿತು, ಮೂಲೆ ಮನೆಗೂ ಹೋಯಿತು. ಗೋಡೆಗೆ ಗೋಡೆ ಹತ್ತಿದ ಈ ಮನೆಗೆ ಬರಲಿಲ್ಲ. ಬಂದದ್ದು ಅಚ್ಚು ಹಾಕಿಸಿದ ಕಾರ್ಡು, ಆಫೀಸಿನವರಿಗೆ ಕೊಟ್ಟಂಥದ್ದು.

"ಹೋಗಿದ್ನಿರಿ ಲಗ್ನಕ್ಕ" ಎಂದು ಇಂದ್ರಾಬಾಯಿ ತೋಟದ ಬದುವಿನ ಮೇಲೆ ಕೂತು ಹೇಳುತ್ತಾರೆ. "ಏನೂ ಕಮ್ಮಿ ಮಾಡ್ಲಿಲ್ಲ. ಕುರ್ಚಿ ಹಾಕಿ ಕುಂದರ್ಸಿದ್ರು, ಮೊದಲನೇ ಪಂಕ್ತಿಗೆ ಊಟಕ್ಕ ಎಬ್ಬಿಸಿದ್ರು. ಎಲಿ ಮ್ಯಾಲ ರೊಟ್ಟಿ ನೀಡಿದ್ರು. ಓಣಿ ಹೆಣ್ಣಮಕ್ಕಳ ಕೈಯಾಗಿನ ರೊಟ್ಟಿ, ನಂದೊಂದು ಬಿಟ್ಟು." ಮತ್ತೇನಾದರೂ ಆಸೆ ಉಂಟೋ ಎಂದರೆ, ಬದುವಿನಿಂದ ಎದ್ದು ಸೆರಗು ಕೊಡವುತ್ತಾ ಹೇಳುತ್ತಾರೆ.

"ಲಕ್ಕವ್ವನ ಸಣ್ಣ ಮಗಳು ಸಾಕ್ಷಿ ಅಂತ ಅದಾಳ್ರಿ, ಇನ್ನೂ ಓದಾಕತ್ತಾಳ. ಆಕಿ ಲಗ್ನ ಯಾವಾಗ ಅಂತ ನನಗ ಯಾರೂ ಮೊದ್ಲ ಹೇಳೋದು ಬ್ಯಾಡ. ಹಿಟ್ಟು ಒಂದ ಕಳಿಸ್ಲಿ. ಎಷ್ಟ ಬುಟ್ಟಿ ಕಳಿಸಿದ್ರೂ ಬಡಿತೇನಿ."