ಇಬ್ಬರು ಜುಂಜಪ್ಪರ ಜಗಳ

ದೇವರನ್ನು ನಂಬದ ನಾನು ನನ್ನ ಕಂಪ್ಯೂಟರಿಗೆ ಮನೆದೇವರು ಜುಂಜಪ್ಪನ ಹೆಸರನ್ನು ಯಾವಾಗ ಇಟ್ಟೆನೋ ನೆನಪಿಲ್ಲ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನಾನೂ ಪೂಜೆ ಮಾಡಿದ್ದಕ್ಕೆ ಪುರಾವೆ ಕಣ್ಣೆದುರಿಗೇ ಇದೆ: ಯಂತ್ರದ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾವು ನಾಲ್ವರು ಗೆಳೆಯರು ಹಳಬರ ಕಥೆಗಳನ್ನು ಧ್ವನಿಮುದ್ರಿಸಿ, ನಮ್ಮ ನಾಲ್ಕು ಕಂಪ್ಯೂಟರುಗಳಲ್ಲಿ ತುಣುಕು ತುಣುಕಾಗಿ ಹಂಚಿಟ್ಟಿದ್ದೇವೆ. ಯಾವ ಊರಿನಿಂದ ಕೇಳಿದರೂ ಇಡೀ ಕಥೆ ಬರಬೇಕು. ಷರತ್ತು ಒಂದೇ: ಒಂದು ಹೆಸರಿಗೆ ಒಂದೇ ಯಂತ್ರ ಓಗೊಡಬೇಕು.

ಮೊನ್ನೆ ಮಿಡಿಗೇಶಿಯಿಂದ ದೊಡ್ಡಮ್ಮ ಮಧುಗಿರಿಯ ನಮ್ಮ ಮನೆಗೆ ಬಂದಳು. ತೀರಿಹೋದ ತಂಗಿಯ ದನಿ ಕೇಳುವ ಆಸೆ. ಚಿಕ್ಕಮ್ಮ ಹೇಳಿದ ಕಥೆ ನಮ್ಮಲ್ಲಿದೆ, ಚೆನ್ನಾಗಿ ನೆನಪಿದೆ ಎಂದು ಕರೆಸಿಕೊಂಡವನೂ ನಾನೇ. ಯಂತ್ರ ಮಾತ್ರ, ಇದೇ ಹೆಸರಿನ ಇನ್ನೊಂದು ಯಂತ್ರವಿದೆ ಎಂದು ಮೊಂಡು ಹಿಡಿಯಿತು.

ಶಿರಾದ ಗೆಳೆಯನಿಗೆ ಫೋನು ಮಾಡಿದೆ. ಅವನ ಮನೆದೇವರೂ ಜುಂಜಪ್ಪನೇ. ಹೋದ ವಾರ ಹೊಸ ಕಂಪ್ಯೂಟರು ತಂದು ಪೂಜೆ ಮಾಡಿ ಅದೇ ಹೆಸರಿಟ್ಟನಂತೆ.

"ನಾನ್ ಯಾವಾಗಿಟ್ನೋ ನೆನಪಿಲ್ಲ. ನಿಂದೇ ಬದಲಾಯ್ಸಪ್ಪ," ಎಂದೆ.

"ಕಾಯಿ ಒಡ್ದು ಇಟ್ಟಿರೋ ಹೆಸ್ರು ಕಣಯ್ಯ. ದೇವ್ರೇ ಇಲ್ಲ ಅನ್ನೋನ್ಗೆ ಜುಂಜಪ್ಪ ಯಾಕೆ? ಚಿಕ್ಕಜುಂಜಪ್ಪ ಅಂತ ಮಾಡ್ಕೊ."

"ನಾನ್ಯಾಕೆ ಚಿಕ್ಕೋನಾಗ್ಲಿ? ಮೊದ್ಲು ಇಟ್ಟಿದ್ದು ನಾನು!"

"ಈಗ ನೆನಪು ಬಂತಾ?"

ನಾಸ್ತಿಕನೊಬ್ಬ ದೇವರ ಹಿರಿತನಕ್ಕಾಗಿ ಇಷ್ಟು ಕಾದಾಡಿದ್ದು ನಮ್ಮ ಸೀಮೆಯಲ್ಲಿ ಇದೇ ಮೊದಲಿರಬೇಕು.

"ಅದೇನ್ ಕಿತ್ತಾಡ್ತೀರ್ಲಾ? ನನ್ ಬಸ್ಸು ಹೊಂಟೋಯ್ತದೆ!" ಎಂದು ದೊಡ್ಡಮ್ಮ ಗದರಿದಳು. ನಾನು ಚಿಕ್ಕವನಾದೆ.

ಹೆಸರು ಬದಲಿಸಿದರೂ ಯಂತ್ರ ಹಳೆಯ ಹೆಸರನ್ನೇ ಹಿಡಿದು ಕೂಗುತ್ತಿತ್ತು. ನನ್ನ ಕಾಯಿಲೆ ಮರೆವು. ಅದರದ್ದು, ತಪ್ಪನ್ನೇ ಗಟ್ಟಿಯಾಗಿ ನೆನಪಿಟ್ಟುಕೊಳ್ಳುವುದು. ಪುಣ್ಯಕ್ಕೆ ಕಥೆಗಳನ್ನು ಮುಟ್ಟದೆ ಹೆಸರಿನ ನೆನಪನ್ನಷ್ಟೇ ಅಳಿಸಬಹುದು. ಅಳಿಸಿ ಮತ್ತೆ ಚಾಲೂ ಮಾಡಿದೆ. ಕಥೆ ಶುರುವಾಯಿತು.

"ಲೇ, ಇದು ನನ್ ದನಿ ಕಣ್ಲಾ!" ಎಂದಳು ದೊಡ್ಡಮ್ಮ.

ಕಥೆ ಹೇಳಿದವಳು ಚಿಕ್ಕಮ್ಮನಲ್ಲ, ಎದುರಿಗೆ ಕೂತಿದ್ದ ಇವಳೇ. ನನ್ನ ನೆನಪನ್ನು ಶಪಿಸುತ್ತಾ ನಿಲ್ಲಿಸಹೋದರೆ ಕೈ ಹಿಡಿದಳು. "ತಡಿ."

ಅವಳ ಒಂದೊಂದು ಮಾತಿನ ಕೊನೆಗೂ ಹಿಂದಿನಿಂದ ಸಣ್ಣಗೆ ಒಂದು "ಹೂಂ" ಕೇಳಿಬರುತ್ತಿತ್ತು. ಹೂಂಗುಟ್ಟುವವರಿಲ್ಲದೆ ನಮ್ಮಲ್ಲಿ ಯಾರೂ ಕಥೆ ಹೇಳುವುದಿಲ್ಲ. ಅಂದು ಹೂಂಗುಟ್ಟಿದ್ದವಳು ಚಿಕ್ಕಮ್ಮ.

ಕಥೆ ಮುಗಿಯಿತು. ಬಸ್ಸಿನ ಸುದ್ದಿಯನ್ನು ದೊಡ್ಡಮ್ಮ ಎತ್ತಲಿಲ್ಲ. "ಇನ್ನೊಂದ್ ಸಲ ಹಾಕ್ತೀಯೇನ್ಲಾ?"

ಎಲ್ಲದಕ್ಕೂ ಪ್ರಶ್ನೆ ಎತ್ತುವ ನಾನು "ಹೂಂ" ಎಂದೆ.